ದಿನವೂ ರೇಸ್ ಓಡಬೇಡಿ

ಪ್ರೀತಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಹಾಫ್ ಮ್ಯಾರಥಾನ್ ಮುಗಿಸಲು ನಿಮಗೆ 2 ಗಂಟೆ 10 ನಿಮಿಷ ಹಿಡಿದಿತ್ತು. ಆಮೇಲೆ ಎಂಟು ತಿಂಗಳು ಒಂದು ದಿನವೂ ಬಿಡದೆ ಓಡಿದಿರಿ. ಎರಡನೇ ಸಲ 2 ಗಂಟೆ 19 ನಿಮಿಷ ಬೇಕಾಯಿತು. "ಇಷ್ಟು ಕಷ್ಟಪಟ್ಟೂ ಹಿಂದೆ ಬಿದ್ದೆ. ಗೆಲ್ಲುವವರು ಹೇಗೂ ಬೇರೆಯವರು. ನನ್ನಂಥವರು ಓಡೋದಾದರೂ ಯಾಕೆ?" ಅಂತ ಕೇಳಿದ್ದೀರಿ.

ಪತ್ರದ ನಡುವೆ ಇನ್ನೊಂದು ಸಾಲಿದೆ. ದಿನವೂ ಕಿಲೋಮೀಟರಿಗೆ 6 ನಿಮಿಷದ ಒಳಗೇ ಓಡುತ್ತೀರಿ, ಅದಕ್ಕಿಂತ ನಿಧಾನವಾದರೆ ಓಡಿದ ಹಾಗೇ ಅನ್ನಿಸುವುದಿಲ್ಲ ಅಂತ. ನಾನು ಅಲ್ಲೇ ನಿಂತೆ. 2 ಗಂಟೆ 10 ನಿಮಿಷದಲ್ಲಿ 21 ಕಿಲೋಮೀಟರ್ ಅಂದರೆ ಕಿಲೋಮೀಟರಿಗೆ ಸುಮಾರು 6 ನಿಮಿಷ 10 ಸೆಕೆಂಡ್. ಅಂದರೆ ನಿಮ್ಮ ಅತ್ಯುತ್ತಮ ರೇಸಿಗಿಂತ ಜೋರಾಗಿ ನೀವು ದಿನಾ ಬೆಳಿಗ್ಗೆ ಓಡುತ್ತಿದ್ದೀರಿ. ರೇಸಿನ ದಿನಕ್ಕೆ ಕಾಲಲ್ಲಿ ಏನು ಉಳಿಯಬೇಕು ಹೇಳಿ.

ಇದು ನಾನೂ ಮಾಡಿದ ತಪ್ಪು. ಎರಡು ವರ್ಷ ಹಾಗೇ ಓಡಿ, ಕೊನೆಗೆ ಆರು ವಾರ ಓಡಲಾಗದೆ ಕೂತೆ. ಆಗ ನನಗೆ ಯಾರಾದರೂ ಇದನ್ನು ಬಿಡಿಸಿ ಹೇಳಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಧಾನವಾಗಿ ಓಡುವಾಗಲೂ ಒಳಗೆ ಬೇಕಾದಷ್ಟು ಕೆಲಸ ನಡೆಯುತ್ತದೆ. ಸ್ನಾಯುಗಳಲ್ಲಿ ಸಣ್ಣ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ಕಳಿಸಲು ಕಲಿಯುತ್ತದೆ. ದೇಹ ಕೊಬ್ಬನ್ನು ಉರಿಸಲು ಕಲಿಯುತ್ತದೆ. ಇಷ್ಟಕ್ಕೂ ಏದುಸಿರು ಬೇಕಿಲ್ಲ. ಇನ್ನೊಂದು ಮಾತು. ಉಸಿರು ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ, ಮೂಳೆಗಳಿಗೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್‌ಗಳಿಗೆ ತಿಂಗಳುಗಳೇ ಬೇಕು. "ಉಸಿರು ಚೆನ್ನಾಗಿದೆ, ಕಾಲು ಮಾತ್ರ ನೋವು" ಅಂತ ನೀವು ಬರೆದದ್ದಕ್ಕೆ ಇದೇ ಕಾರಣ ಇರಬಹುದು. ಆದರೆ ಮೂಳೆಯ ಮೇಲೆ ಒಂದೇ ಕಡೆ ಒತ್ತಿದರೆ ನೋಯುತ್ತಿದ್ದರೆ, ಸುಮ್ನೆ ಕೂತಾಗಲೂ ನೋವಿದ್ದರೆ, ಓಟ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು.

ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ ತಮ್ಮ ಓಟಗಾರರಿಗೆ ವೇಗದ ಅಭ್ಯಾಸ ಶುರು ಮಾಡಿಸುವ ಮುಂಚೆ ವಾರಕ್ಕೆ ಸುಮಾರು 160 ಕಿಲೋಮೀಟರ್ ಓಡಿಸುತ್ತಿದ್ದರು. ಅದೂ ಮೈ ಮುರಿಯದ ಹಾಗೆ. 800 ಮೀಟರ್ ಓಡುವ ಪೀಟರ್ ಸ್ನೆಲ್‌ಗೂ ಇದೇ ಅಭ್ಯಾಸ. ಎರಡು ನಿಮಿಷವೂ ಹಿಡಿಯದ ಓಟಕ್ಕೆ ಅಷ್ಟು ದೂರ ಯಾಕೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಸ್ನೆಲ್ 1960ರಲ್ಲಿ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಗೆದ್ದರು. 1964ರಲ್ಲಿ ಟೋಕಿಯೊದಲ್ಲಿ 800 ಮತ್ತು 1500 ಎರಡನ್ನೂ ಗೆದ್ದರು. ನಾವು ಅಷ್ಟು ದೂರ ಓಡಬೇಕಿಲ್ಲ. ಅವರ ತಾಳ್ಮೆಯನ್ನು ಮಾತ್ರ ತೆಗೆದುಕೊಂಡರೆ ಸಾಕು.

ಹಾಗಾದರೆ ಎಷ್ಟು ನಿಧಾನ? ಓಡುತ್ತಾ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ನಿಮ್ಮ ಲೆಕ್ಕಕ್ಕೆ ಅದು ಕಿಲೋಮೀಟರಿಗೆ 7 ನಿಮಿಷ ಆಗಬಹುದು, ಏಳೂವರೆ ಆದರೂ ಸರಿ. ವಾರಕ್ಕೆ ಒಂದು ದಿನ ಜೋರಾಗಿ ಓಡಿ. ಒಂದು ದಿನ ದೂರ ಹೋಗಿ. ಒಂದು ದಿನವಾದರೂ ಓಡಲೇಬೇಡಿ. ರೇಸಿನಲ್ಲಿ ಮೊದಲ ಐದು ಕಿಲೋಮೀಟರ್ ಜನ ನಿಮ್ಮನ್ನು ಹಿಂದೆ ಹಾಕಿ ಹೋಗಲಿ, ಬಿಡಿ. ಶುರುವಿನಲ್ಲೇ ಜೋರಾಗಿ ಹೋದರೆ ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಬೇಗ ಕರಗುತ್ತದೆ. ಹದಿನೈದನೇ ಕಿಲೋಮೀಟರಿನ ಹೊತ್ತಿಗೆ ಕಾಲು ಕಲ್ಲಾಯಿತು ಅಂತ ಬರೆದಿದ್ದೀರಲ್ಲ, ಅದರಲ್ಲಿ ಇದರ ಪಾಲೂ ಇದೆ.

ಇನ್ನು ಯಾಕೆ ಓಡಬೇಕು ಅನ್ನುವ ಪ್ರಶ್ನೆ. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಅಮೆರಿಕದ ಓಟಗಾರ್ತಿ ಬಾಬಿ ಗಿಬ್ ನೆನಪಾಗುತ್ತಾರೆ. 1966ರಲ್ಲಿ ಬೋಸ್ಟನ್ ಮ್ಯಾರಥಾನಿಗೆ ಅರ್ಜಿ ಹಾಕಿದರು. ಹೆಂಗಸರಿಗೆ ಅಷ್ಟು ದೂರ ಓಡಲು ಆಗುವುದಿಲ್ಲ ಅಂತ ಆಯೋಜಕರು ತಿರಸ್ಕರಿಸಿದರು. ಅವರು ಪೊದೆಯ ಹಿಂದೆ ಅಡಗಿ ಕಾದರು. ಓಟಗಾರರು ಹೊರಟ ಮೇಲೆ ಗುಂಪಿನೊಳಗೆ ಸೇರಿಕೊಂಡರು. ನಂಬರೂ ಇಲ್ಲ, ಬಹುಮಾನದ ಮಾತೂ ಇಲ್ಲ. ಸುಮಾರು 3 ಗಂಟೆ 21 ನಿಮಿಷದಲ್ಲಿ 42 ಕಿಲೋಮೀಟರ್ ಮುಗಿಸಿದರು. ಆ ರೇಸ್ ಹೆಂಗಸರಿಗೆ ಅಧಿಕೃತವಾಗಿ ತೆರೆದದ್ದು 1972ರಲ್ಲಿ. ಗೆಲುವಿನ ಆಸೆಗೆ ಯಾರೂ ಪೊದೆಯಲ್ಲಿ ಕಾಯುವುದಿಲ್ಲ. ಓಡುವುದು ಅಷ್ಟು ಇಷ್ಟ ಇರಬೇಕು.

ನಿಮಗೂ ಆ ಇಷ್ಟ ಇದೆ. ಪತ್ರದ ಕೊನೆಯಲ್ಲಿ, ಬೆಳಕು ಹರಿಯುವ ಮುಂಚೆ ಖಾಲಿ ರಸ್ತೆಯಲ್ಲಿ ನಿಮ್ಮ ಹೆಜ್ಜೆಯ ಸದ್ದು ನಿಮಗೇ ಕೇಳಿಸುವುದರ ಬಗ್ಗೆ ಎರಡು ಸಾಲು ಬರೆದಿದ್ದೀರಿ. ಇಡೀ ಪತ್ರದಲ್ಲಿ ವಾಚ್ ಇಲ್ಲದ ಸಾಲುಗಳು ಅವೆರಡೇ.

ನಾಳೆ ವಾಚ್ ಮನೆಯಲ್ಲೇ ಬಿಟ್ಟು ಹೋಗಿ. ಆರು ವಾರ ಹೀಗೆ ಓಡಿ ನೋಡಿ, ಆಮೇಲೆ ಇನ್ನೊಂದು ಪತ್ರ ಬರೆಯಿರಿ. ಕಾಲು ನೋವು ಹೇಗಿದೆ ಅಂತ ಮೊದಲು ತಿಳಿಸಿ.

– ಸಂಪಾದಕ