ಅಜ್ಜಿಯ ಸೆರಗು ಬಿಡದ ಮಗ

ಪ್ರಶ್ನೆ: ನಾವಿಬ್ಬರೂ ಉದ್ಯೋಗಸ್ಥರು. ಎರಡೂವರೆ ವರ್ಷದ ಮಗನನ್ನು ಹಗಲೆಲ್ಲ ಅತ್ತೆಯವರೇ ನೋಡಿಕೊಳ್ಳುತ್ತಾರೆ. ಸಂಜೆ ನಾನು ಮನೆಗೆ ಬಂದರೂ ಅವನು ಅಜ್ಜಿಯ ಸೆರಗು ಬಿಡುವುದಿಲ್ಲ. ಬಿದ್ದು ಅತ್ತಾಗಲೂ ಅವರ ಬಳಿಗೇ ಓಡುತ್ತಾನೆ. ಈಚೆಗೆ ಗೊಂಬೆಗಳನ್ನು ಗದರಿ ಹೊಡೆಯುತ್ತಾನೆ. ಅಜ್ಜಿಯ ಮುದ್ದು ಅತಿಯಾದದ್ದೇ ಇದಕ್ಕೆ ಕಾರಣವೆಂದು ನನ್ನ ಪತಿ ಹೇಳುತ್ತಾರೆ. ಆದರೆ ಸಿಟ್ಟು ಬಂದಾಗ ಅವರು ಮಗನನ್ನು ಗದರುವುದೂ ಅದೇ ಧಾಟಿಯಲ್ಲಿ. ಶಿಶುವಿಹಾರಕ್ಕೆ ಸೇರಿಸಿ ಅಜ್ಜಿಯಿಂದ ದೂರವಿಡಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಆ ಉದ್ದೇಶಕ್ಕಾಗಿ ಸೇರಿಸಬೇಡಿ. ನೋವಾದಾಗ ಒಬ್ಬರ ಬಳಿಗೆ ಓಡಿಹೋಗಿ, ಸಮಾಧಾನಗೊಂಡು, ಮತ್ತೆ ಆಟಕ್ಕೆ ಮರಳುವುದು ಬಾಂಧವ್ಯ ಸರಿಯಾಗಿ ಬೆಳೆಯುತ್ತಿರುವುದರ ಲಕ್ಷಣ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯಲ್ಲಿ, ತಾಯಿಯೊಡನೆ ಅಥವಾ ತಾಯಿಯ ಸ್ಥಾನದಲ್ಲಿ ಕಾಯಂ ಆಗಿ ನಿಂತವರೊಡನೆ ಮಗುವಿಗೆ ಆತ್ಮೀಯವಾದ, ಕಡಿದುಹೋಗದ ಸಂಬಂಧವಿರಬೇಕೆಂದು ಹೇಳಿದ್ದರು. ಜನ ಈ ಮಾತಿನ ಮೊದಲರ್ಧವನ್ನು ಮಾತ್ರ ನೆನಪಿಟ್ಟುಕೊಂಡು ಉದ್ಯೋಗಸ್ಥ ತಾಯಂದಿರನ್ನು ದೂರಿದ್ದೇ ಹೆಚ್ಚು. ರುಡಾಲ್ಫ್ ಶಾಫರ್ ಮತ್ತು ಪೆಗ್ಗಿ ಎಮರ್ಸನ್ ಗ್ಲಾಸ್ಗೋದಲ್ಲಿ 60 ಶಿಶುಗಳನ್ನು ಗಮನಿಸಿ 1964ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಒಬ್ಬರಿಗಿಂತ ಹೆಚ್ಚು ಜನರನ್ನು ಹಚ್ಚಿಕೊಂಡಿದ್ದರು. ಉಣಿಸಿದವರಿಗಿಂತಲೂ ತಮ್ಮ ಅಳುವಿಗೆ, ಕರೆಗೆ ಬೇಗ ಓಗೊಟ್ಟವರತ್ತಲೇ ಅವರ ಒಲವಿತ್ತು. ಆದ್ದರಿಂದ ಅಜ್ಜಿಗೆ ಸಿಕ್ಕ ಪ್ರೀತಿ ನಿಮ್ಮ ಪಾಲಿನಿಂದ ಕಳೆದುಹೋದದ್ದಲ್ಲ.

ಸಂಜೆ ಅವನನ್ನು ಅಜ್ಜಿಯ ಮಡಿಲಿನಿಂದ ಎಳೆದುಕೊಳ್ಳದೆ ಪಕ್ಕದಲ್ಲಿ ಕುಳಿತು ಆಟಕ್ಕೆ ಸೇರಿಕೊಳ್ಳಿ. ಸ್ನಾನವನ್ನೋ ಮಲಗಿಸುವುದನ್ನೋ ನಿಮ್ಮದೇ ಕೆಲಸವೆಂದು ಪ್ರತಿದಿನ ಉಳಿಸಿಕೊಳ್ಳಿ. ಬೆಳಿಗ್ಗೆ ಕಣ್ಣು ತಪ್ಪಿಸಿ ಹೊರಡುವುದು ಬೇಡ; ಅವನು ಅತ್ತರೂ ಹೇಳಿಯೇ ಹೊರಡಿ. ‘ಅಮ್ಮ ನಿನ್ನನ್ನು ಬಿಟ್ಟು ಹೋದಳು’ ಎಂದು ತಮಾಷೆಗೂ ಯಾರೂ ಹೇಳದಿರಲಿ.

ಗೊಂಬೆಗಳನ್ನು ಗದರುವುದು ಬೇರೆಯೇ ವಿಷಯ; ಅದರ ಮೂಲವನ್ನು ನೀವೇ ಪತ್ರದಲ್ಲಿ ಬರೆದಿದ್ದೀರಿ. ಆಲ್ಬರ್ಟ್ ಬಂಡೂರ 1961ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದೊಡ್ಡವರು ಗಾಳಿ ತುಂಬಿದ ಗೊಂಬೆಯನ್ನು ಬೈದು ಹೊಡೆಯುವುದನ್ನು ನೋಡಿದ ಮಕ್ಕಳಲ್ಲಿ ಹಲವರು ಆಮೇಲೆ ಅದೇ ಹೊಡೆತಗಳನ್ನೂ ಅದೇ ಮಾತುಗಳನ್ನೂ ಅನುಕರಿಸಿದರು. ಗಂಡುಮಕ್ಕಳು ಗಂಡಸರ ಹೊಡೆತವನ್ನು ಹೆಚ್ಚಾಗಿ ಅನುಕರಿಸಿದ್ದರೆಂಬುದನ್ನು ನಿಮ್ಮ ಪತಿಗೆ ಅವಶ್ಯ ತಿಳಿಸಿ. ಸಿಟ್ಟೇ ಬರಬಾರದೆಂದು ಅವರಿಂದ ನಿರೀಕ್ಷಿಸಲಾಗದು. ಆದರೆ ದನಿ ಏರಿಸಿದ ಮೇಲೆ ‘ಅಪ್ಪ ಹಾಗೆ ಕೂಗಬಾರದಿತ್ತು’ ಎಂದು ಅವರೇ ಒಪ್ಪಿಕೊಂಡರೆ ಮಗ ಅದನ್ನೂ ಕಲಿಯುತ್ತಾನೆ.

ಮುಂದೆ ಬೇರೆ ಮಕ್ಕಳ ಒಡನಾಟಕ್ಕೆಂದು ಶಿಶುವಿಹಾರಕ್ಕೆ ಸೇರಿಸುವುದಾದರೆ, ಮೊದಲ ಕೆಲವು ದಿನ ಅಜ್ಜಿಯೇ ಜೊತೆಗೆ ಹೋಗಿ ಸ್ವಲ್ಪ ಹೊತ್ತು ಅಲ್ಲಿ ಕುಳಿತಿರಲಿ.