ಮಾಲೀಕರು ಹೊರಗಿನವರು, ಸಾಲ ಕೊಡುವ ದುಡ್ಡು ಎಲ್ಲಿಯದು?

ಪ್ರಶ್ನೆ: 2008ರ ಬಿಕ್ಕಟ್ಟಿನ ಹೊತ್ತಿಗೆ ಲಾಟ್ವಿಯಾ, ಚೆಕ್ ಗಣರಾಜ್ಯ ಎರಡರಲ್ಲೂ ದೊಡ್ಡ ಬ್ಯಾಂಕುಗಳು ವಿದೇಶಿಯರ ಕೈಯಲ್ಲಿದ್ದವು. ಲಾಟ್ವಿಯಾದಲ್ಲಿ ಸಾಲ ಬತ್ತಿಹೋಯಿತು, ಚೆಕ್‌ನಲ್ಲಿ ಹಾಗಾಗಲಿಲ್ಲ. ಯಾಕೆ? ನಮ್ಮಲ್ಲಿರುವ ವಿದೇಶಿ ಬ್ಯಾಂಕನ್ನು ಅಳೆಯುವುದು ಹೇಗೆ?
– ಎಂ.ಕಾಂ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮಾಲೀಕರು ಯಾರು ಅನ್ನುವುದಕ್ಕಿಂತ ಸಾಲಕ್ಕೆ ಹಾಕಿದ ದುಡ್ಡು ಎಲ್ಲಿಂದ ಬಂತು ಅನ್ನುವುದನ್ನು ಮೊದಲು ನೋಡಿ.

ಒಂದು ಬ್ಯಾಂಕಿನಲ್ಲಿ ಊರಿನ ಠೇವಣಿ 100, ಕೊಟ್ಟ ಸಾಲ 200 ಇದೆ ಅಂದುಕೊಳ್ಳಿ. ಕೊರತೆಯ 100 ತಾಯಿ ಬ್ಯಾಂಕ್, ಅಂದರೆ ಹೊರದೇಶದಲ್ಲಿರುವ ಮಾಲೀಕ ಬ್ಯಾಂಕ್, ಕೊಟ್ಟದ್ದು. ಅದರಲ್ಲಿ 25 ಈ ವರ್ಷ ತೀರಿಸಬೇಕು. ಸಾಲಗಾರರ ಕಂತುಗಳಿಂದ ವರ್ಷಕ್ಕೆ ಬರುವ ಅಸಲೂ 25. ಎಂದಿನ ದಿನಗಳಲ್ಲಿ ತಾಯಿ ಬ್ಯಾಂಕ್ ಆ 25ನ್ನು ನವೀಕರಿಸುತ್ತದೆ, ಕಂತಿನ ದುಡ್ಡು ಹೊಸ ಸಾಲವಾಗುತ್ತದೆ. ತಾಯಿಗೇ ಕಷ್ಟ ಬಂದು ನವೀಕರಣ ನಿಂತರೆ ಕಂತೆಲ್ಲ ಅತ್ತಲೇ ಹೋಗುತ್ತದೆ, ಹೊಸ ಸಾಲ ಸೊನ್ನೆ. ಬ್ಯಾಂಕ್ ನಷ್ಟದಲ್ಲಿರಬೇಕೆಂದೇನೂ ಇಲ್ಲ.

ಲಾಟ್ವಿಯಾದಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. ಅಲ್ಲಿನ ಸಾಲ ಠೇವಣಿಯ ಶೇ 200ನ್ನೂ ಮೀರಿತ್ತು, ಬಹುಪಾಲು ಯೂರೊದಲ್ಲಿತ್ತು, ಬೆನ್ನ ಹಿಂದೆ ಸ್ವೀಡನ್ನಿನ ಸ್ವೆಡ್‌ಬ್ಯಾಂಕ್, ಎಸ್‌ಇಬಿ ಇದ್ದವು. ಚೆಕ್‌ನಲ್ಲಿ ಆಸ್ಟ್ರಿಯಾದ ಎರ್ಸ್ಟೆ, ಬೆಲ್ಜಿಯಂನ ಕೆಬಿಸಿ, ಫ್ರಾನ್ಸಿನ ಸೊಸೈಟೆ ಜೆನೆರಾಲ್ ಬ್ಯಾಂಕುಗಳ ಅಂಗಸಂಸ್ಥೆಗಳು ಊರಿನ ಠೇವಣಿಯಿಂದಲೇ ಸಾಲ ಕೊಡುತ್ತಿದ್ದವು. ಅಲ್ಲಿನ ಕರೆನ್ಸಿ ಕೊರುನಾದಲ್ಲೇ ಬಡ್ಡಿ ಕಡಿಮೆಯಿದ್ದುದರಿಂದ ಜನ ಪರದೇಶದ ಕರೆನ್ಸಿಯಲ್ಲಿ ಗೃಹಸಾಲ ಮಾಡಲೂ ಇಲ್ಲ. ಅಂದಹಾಗೆ, ಲಾಟ್ವಿಯಾದಲ್ಲಿ ಠೇವಣಿದಾರರು ಮುಗಿಬಿದ್ದು, 2008ರ ನವೆಂಬರ್‌ನಲ್ಲಿ ಸರ್ಕಾರವೇ ವಹಿಸಿಕೊಳ್ಳಬೇಕಾಗಿ ಬಂದ ಪಾರೆಕ್ಸ್ ಬ್ಯಾಂಕ್ ಸ್ವದೇಶಿಯರದ್ದು.

2009ರ ಜನವರಿಯಲ್ಲಿ ಶುರುವಾದ ‘ವಿಯೆನ್ನಾ ಇನಿಶಿಯೇಟಿವ್’ ಎಂಬ ಒಪ್ಪಂದದಡಿ ತಾಯಿ ಬ್ಯಾಂಕುಗಳು ರೊಮೇನಿಯಾ, ಸರ್ಬಿಯಾ, ಹಂಗೇರಿ, ಬೋಸ್ನಿಯಾ, ಲಾಟ್ವಿಯಾಗಳಿಂದ ದುಡ್ಡು ಹಿಂತೆಗೆಯುವುದಿಲ್ಲವೆಂದು ಬರೆದುಕೊಟ್ಟವು. ದುಡ್ಡು ಒಮ್ಮೆಲೇ ಹೊರಗೋಡುವುದು ತಪ್ಪಿತು, ನಿಜ. ಆದರೆ ಒಟ್ಟು ಹೂಡಿಕೆ ಉಳಿಸುತ್ತೇವೆ ಅನ್ನುವುದು ಬೇರೆ, ಅಂಗಡಿಯವನಿಗೆ ಹೊಸ ಸಾಲ ಕೊಡುತ್ತೇವೆ ಅನ್ನುವುದು ಬೇರೆ. ಸರ್ಕಾರಿ ಬಾಂಡ್ ಕೊಂಡಿಟ್ಟರೂ ಮಾತು ಉಳಿಸಿಕೊಂಡಂತೆಯೇ.

ಅಂಕಿಅಂಶ ಓದುವಾಗ ಹಲವರು ಎಡವುವುದು ವಿನಿಮಯ ದರದಲ್ಲಿ. ಹಂಗೇರಿಯಲ್ಲಿ ಬಹಳಷ್ಟು ಗೃಹಸಾಲಗಳು ಸ್ವಿಸ್ ಫ್ರಾಂಕ್‌ನಲ್ಲಿದ್ದವು. 2008ರ ಮಧ್ಯದಲ್ಲಿ ಫ್ರಾಂಕಿಗೆ ಸುಮಾರು 145 ಫೋರಿಂಟ್ (ಹಂಗೇರಿಯ ಕರೆನ್ಸಿ). 2009ರ ಮಾರ್ಚ್‌ನಲ್ಲಿ 200 ದಾಟಿತು. ತಿಂಗಳಿಗೆ 300 ಫ್ರಾಂಕ್ ಕಂತು ಕಟ್ಟುವವರಿಗೆ 43,500 ಇದ್ದದ್ದು 60,000 ಫೋರಿಂಟ್ ಆಯಿತು. ಬಾಕಿಯೂ ಹಾಗೇ ಊದಿದ್ದರಿಂದ ಒಟ್ಟು ಸಾಲ ಏರಿದಂತೆ ಕಾಣುತ್ತದೆ. ನಿಮ್ಮ ಪ್ರಬಂಧಕ್ಕೆ ಬಾಕಿಯ ಮೊತ್ತ ಬೇಡ, ಹೊಸದಾಗಿ ಮಂಜೂರಾದ ಸಾಲದ ಲೆಕ್ಕ ತೆಗೆದುಕೊಳ್ಳಿ.

ನಮ್ಮಲ್ಲಿ, ರಿಸರ್ವ್ ಬ್ಯಾಂಕ್ ಲೆಕ್ಕದಂತೆ 2009ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಸರ್ಕಾರಿ ಬ್ಯಾಂಕುಗಳ ಸಾಲ ಸುಮಾರು ಶೇ 20 ಬೆಳೆಯಿತು, ಖಾಸಗಿಯವರದು ಶೇ 11, ವಿದೇಶಿಯರದು ಶೇ 4. ಬ್ಯಾಂಕಿನ ಬ್ಯಾಲೆನ್ಸ್ ಶೀಟಿನಲ್ಲಿ 9ನೇ ಷೆಡ್ಯೂಲಿನ ಮುಂಗಡಗಳನ್ನು (ಕೊಟ್ಟ ಸಾಲ) 3ನೇ ಷೆಡ್ಯೂಲಿನ ಠೇವಣಿಗಳಿಂದ ಭಾಗಿಸಿ. ಉತ್ತರ 1ನ್ನು ದಾಟಿದರೆ ಬ್ಯಾಂಕ್ ತಾನು ಪಡೆದ ಸಾಲಗಳಿರುವ 4ನೇ ಷೆಡ್ಯೂಲಿಗೆ ಹೋಗಿ, ‘ಭಾರತದ ಹೊರಗಿನ ಸಾಲ’ ಎಂಬ ಸಾಲು ಹುಡುಕಿ, ಹಿಂದಿನ ಮೂರು ವರ್ಷಗಳ ಮೊತ್ತದ ಪಕ್ಕ ಇಟ್ಟು ನೋಡಿ. ಸಾಲದ ಅವಧಿಯ ವಿವರ, ಅಂದರೆ ಯಾವುದು ಎಷ್ಟು ದಿನದೊಳಗೆ ತೀರಬೇಕು ಎಂಬ ಪಟ್ಟಿ, ಟಿಪ್ಪಣಿಗಳಲ್ಲಿರುತ್ತದೆ.