ಸಾಕಿದ ಮಗಳು ಅವ್ವನ ಮನೆಗೆ ಹೊರಟಾಗ

ಪ್ರಶ್ನೆ: ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಫಾಸ್ಟರ್ ಕೇರ್‌ನಲ್ಲಿ (ಮಗುವನ್ನು ತಾತ್ಕಾಲಿಕವಾಗಿ ಬೇರೊಂದು ಕುಟುಂಬದಲ್ಲಿ ಸಾಕುವ ವ್ಯವಸ್ಥೆ) ಮೂರು ವರ್ಷಗಳ ಹಿಂದೆ ನಮ್ಮ ಮನೆಗೆ ಬಂದ ಹುಡುಗಿಗೆ ಈಗ 13 ವರ್ಷ, ಎಂಟನೇ ತರಗತಿ. ಅವಳು ದೊಡ್ಡವಳಾದದ್ದೂ ನಮ್ಮಲ್ಲೇ. ನನ್ನನ್ನು ಅಮ್ಮ ಎನ್ನುತ್ತಾಳೆ. ಗಂಡ ಬಿಟ್ಟುಹೋಗಿ, ಕ್ಷಯದಿಂದ ಹಾಸಿಗೆ ಹಿಡಿದಿದ್ದ ಅವಳ ತಾಯಿ ಈಗ ಗುಣವಾಗಿ, ರಾಣೆಬೆನ್ನೂರು ಸಮೀಪದ ತವರಿನಲ್ಲಿ ಕೂಲಿ ಮಾಡುತ್ತಿದ್ದಾರೆ. ಮಗಳನ್ನು ಮರಳಿ ಕಳಿಸುವ ವಿಷಯ ಸಮಿತಿಯ ಮುಂದಿದೆ. ಕಳೆದ ಭೇಟಿಯಲ್ಲಿ ಹುಡುಗಿ ಅವರನ್ನು ‘ಅವ್ವಾ’ ಎಂದು ಕೂಗಿ, ಮರುಕ್ಷಣವೇ ನನ್ನ ಮುಖ ನೋಡಿದಳು. ಆ ರಾತ್ರಿ ಊಟ ಮಾಡಲಿಲ್ಲ. ಹೋದ ಮೇಲೆ ಆರು ತಿಂಗಳು ಫೋನನ್ನೂ ಮಾಡಬೇಡ, ಆಗಲೇ ಹೊಂದಿಕೊಳ್ಳುತ್ತಾಳೆ ಎನ್ನುತ್ತಾರೆ ನಮ್ಮ ಯಜಮಾನರು. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಅವ್ವಾ ಎಂದವಳು ನಿಮ್ಮ ಮುಖ ನೋಡಿದಳಲ್ಲ, ಆ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ಅವ್ವನನ್ನು ಕಂಡು ಹಿಗ್ಗಿದರೆ ಅಮ್ಮನಿಗೆ ನೋವಾದೀತೇನೋ ಎಂದು ಅವಳು ಅಳೆದು ನೋಡುತ್ತಿದ್ದಾಳೆ. ಆ ಭಾರವನ್ನು ಅವಳ ತಲೆಯಿಂದ ಇಳಿಸುವುದು ನಿಮ್ಮ ಕೈಯಲ್ಲೇ ಇದೆ: ಮುಂದಿನ ಭೇಟಿಯಲ್ಲಿ ನೀವೇ ಮೊದಲು ಎದ್ದುಹೋಗಿ ಆ ತಾಯಿಯನ್ನು ಮಾತನಾಡಿಸಿ.

ಯಜಮಾನರ ಮಾತನ್ನು ನಾನು ಒಪ್ಪಲಾರೆ. ಹತ್ತರ ವಯಸ್ಸಿನಲ್ಲಿ ಒಮ್ಮೆ ತಾಯಿಯಿಂದ ಅಗಲಿದ ಮಗುವಿಗೆ, ಈ ಮನೆಯೂ ಏಕಾಏಕಿ ಮೌನವಾದರೆ, ತನ್ನದೇ ಏನೋ ತಪ್ಪಿರಬೇಕು ಎನ್ನಿಸುತ್ತದೆ. (ಅವರಿಗೂ ಸಂಕಟವಿರಬಹುದು, ಗಂಡಸರು ಅದನ್ನು ಹೆಚ್ಚಾಗಿ ಶಿಸ್ತಿನ ಮಾತಾಗಿಯೇ ಹೇಳುತ್ತಾರೆ.)

ಫಾಸ್ಟರ್ ಕೇರ್ ಎಂದರೆ ದತ್ತು ಅಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಸಾಧ್ಯವಾದ ಮಟ್ಟಿಗೆ ಮಗುವನ್ನು ಹೆತ್ತ ಕುಟುಂಬಕ್ಕೆ ಮರಳಿಸಬೇಕೆನ್ನುವ 2015ರ ಬಾಲನ್ಯಾಯ ಕಾಯ್ದೆಯೇ ಮಗುವಿನ ಅಭಿಪ್ರಾಯವನ್ನೂ ಕೇಳಬೇಕೆನ್ನುತ್ತದೆ. ಆದ್ದರಿಂದ ನೀವಾಗಲಿ ತಾಯಿಯಾಗಲಿ ಎದುರಿಗಿಲ್ಲದಾಗ ಅವಳೊಂದಿಗೆ ಮಾತನಾಡುವಂತೆ ಸಮಿತಿಯನ್ನು ಕೇಳಿಕೊಳ್ಳಿ. ಅಲ್ಲಿ ಫ್ಯಾನಿಲ್ಲ, ಗೆಳತಿಯರಿಲ್ಲ ಎಂಬ ಅಳುಕು ಬೇರೆ, ಆ ಮನೆಯ ಯಾರನ್ನಾದರೂ ಕಂಡರೆ ಭಯ ಎನ್ನುವುದು ಬೇರೆ. ಎರಡನೆಯದರ ಸುಳಿವು ಸಿಕ್ಕರೆ ತಡಮಾಡದೆ ಲಿಖಿತವಾಗಿ ತಿಳಿಸಿ.

ಅಂಥದ್ದೇನೂ ಇಲ್ಲವಾದರೆ, ಎಂಟನೇ ತರಗತಿ ಮುಗಿದು ಬೇಸಿಗೆ ರಜೆಯಲ್ಲಿ ಕಳಿಸುವಂತಾಗಲಿ, ಅಷ್ಟರೊಳಗೆ ಒಂದೆರಡು ಬಾರಿ ಸಮಿತಿಯ ಅನುಮತಿಯಿಂದ ಅಲ್ಲಿ ಕೆಲವು ದಿನ ಇದ್ದು ಬರಲಿ ಎಂದು ಕೋರಿ. ಮಕ್ಕಳ ರಕ್ಷಣೆಗಾಗಿ ಕೇಂದ್ರ ಸರ್ಕಾರ ರೂಪಿಸಿರುವ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ, ಗಂಡ ಬಿಟ್ಟುಹೋದ ತಾಯಂದಿರ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಸಿಗಲು ಅವಕಾಶವಿದೆ; ಹಳ್ಳಿಯ ಕುಟುಂಬಕ್ಕೆ ವಾರ್ಷಿಕ ಆದಾಯದ ಮಿತಿ 72,000 ರೂಪಾಯಿ. ರಾಣೆಬೆನ್ನೂರು ಹಾವೇರಿ ಜಿಲ್ಲೆಗೆ ಸೇರಿದ್ದರಿಂದ, ತಾಯಿ ಅಲ್ಲಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು. ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಎಂದು ಅಲೆದಾಡುವುದರಲ್ಲೇ ಎಷ್ಟೋ ಕೂಲಿ ಹೋಗುತ್ತದೆ. ಈ ಕೆಲಸದಲ್ಲಿ ನೀವು ಜೊತೆಯಾದರೆ ಹೊಸ ಬಟ್ಟೆ ಕಳಿಸುವುದಕ್ಕಿಂತ ದೊಡ್ಡ ಉಪಕಾರ. ದುಬಾರಿ ಉಡುಗೊರೆಗಳು ಮಗಳ ಎದುರು ಆ ತಾಯಿಯನ್ನು ಸಣ್ಣವಳನ್ನಾಗಿ ಮಾಡುತ್ತವೆ.

ಮಗಳು ದೊಡ್ಡವಳಾದ ದಿನ ಆ ತಾಯಿ ಹತ್ತಿರ ಇರಲಿಲ್ಲ. ಅಂದು ಅವಳು ಹೆದರಿದಳೇ, ನೀವು ಏನು ಹೇಳಿದಿರಿ, ಏನು ಮಾಡಿ ಬಡಿಸಿದಿರಿ, ಈಗ ತಿಂಗಳ ಹೊಟ್ಟೆನೋವಿಗೆ ಏನು ಕೊಡುತ್ತೀರಿ ಎಂಬುದನ್ನೆಲ್ಲ ಪಕ್ಕದಲ್ಲಿ ಕುಳಿತು ನಿಧಾನವಾಗಿ ಹೇಳಿ. ಈ ಮೂರು ವರ್ಷಗಳಲ್ಲಿ ಆಕೆಗೆ ಕಾಣದೆಹೋದದ್ದನ್ನು ಕೊಡಬಲ್ಲವರು ನೀವೊಬ್ಬರೇ.

ಹೋದ ಮೇಲೆ ವಾರಕ್ಕೊಮ್ಮೆ, ತಾಯಿಗೆ ಅನುಕೂಲವಾದ ಹೊತ್ತಿಗೆ ಫೋನ್ ಮಾಡಿ. ಮೊದಲು ಅವರೊಂದಿಗೆ ಮಾತನಾಡಿ, ಬಳಿಕ ಮಗಳೊಂದಿಗೆ. ಮೊದಲ ತಿಂಗಳುಗಳಲ್ಲಿ ಅವಳು ಅಳಬಹುದು, ಅಮ್ಮನ ಮನೆಯಲ್ಲಿ ಹೀಗಿರಲಿಲ್ಲ ಎಂದು ಅವ್ವನ ಮೇಲೆ ರೇಗಬಹುದು. ‘ಬಂದುಬಿಡು’ ಎಂಬ ಮಾತು ನಿಮ್ಮ ಬಾಯಿಂದ ಬಾರದಿರಲಿ. ಅವಳ ಮಂಚವನ್ನು ಮಾತ್ರ ತೆಗೆಯಬೇಡಿ; ಅವ್ವ ಒಪ್ಪಿ ದಸರಾ ರಜೆಗೆ ಕಳಿಸಿದರೆ ಬೇಕಾಗುತ್ತದೆ.